ಸಿವಂಗಿ ಬಂತು, ಅದನ್ನು ಉಳಿಸಿದ ಪದ್ಧತಿ ಬರಲಿಲ್ಲ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಅಧ್ಯಕ್ಷರಿಗೆ, ಸದಸ್ಯರಿಗೆ, ಮುಂದಿನ ಚುನಾವಣೆಗೆ ನಿಲ್ಲಬೇಕೆಂದಿರುವವರಿಗೆ ನಮಸ್ಕಾರ.

ಕುಡಿಯುವ ನೀರು, ಚರಂಡಿ, ಮನೆ ಹಂಚಿಕೆ, ಸ್ಮಶಾನಕ್ಕೆ ದಾರಿ ಎಂದು ಅರ್ಜಿಗಳ ಕಟ್ಟು ಮುಂದಿರುವಾಗ ಕಾಡುಪ್ರಾಣಿಯ ಮಾತು ಎತ್ತಿಕೊಂಡು ಬರುವವನ ಮೇಲೆ ನಿಮಗೆ ಸಿಟ್ಟು ಬಂದರೆ ತಪ್ಪಿಲ್ಲ. ಆದರೂ ಈ ಪತ್ರವನ್ನು ಅರಣ್ಯ ಮಂತ್ರಿಗೆ ಬರೆಯದೆ ನಿಮಗೇ ಬರೆಯಲು ಕಾರಣವಿದೆ. ನಾನು ಮಾತಾಡಬೇಕಾಗಿರುವ ನೆಲದಲ್ಲಿ ಬಹುಪಾಲು ಅರಣ್ಯ ಇಲಾಖೆಯ ನಕ್ಷೆಯೊಳಗಿಲ್ಲ. ಅದು ನಿಮ್ಮ ಊರ ಗೋಮಾಳದಲ್ಲಿದೆ, ಹುಲ್ಲುಬನ್ನಿಯಲ್ಲಿದೆ, ಪಹಣಿಯಲ್ಲಿ ಖರಾಬು ಎಂದು ಬರೆಸಿಕೊಂಡು ಕೂತ ಕುರುಚಲು ಗುಡ್ಡಗಳಲ್ಲಿದೆ.

ಮೊದಲು ಆಫ್ರಿಕಾದ ಕಥೆ. ಅಲ್ಲಿಂದಲೇ ಶುರು ಮಾಡಲು ಕಾರಣವನ್ನು ಮುಂದೆ ಹೇಳುತ್ತೇನೆ.

2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ ಎಂಟು ಸಿವಂಗಿಗಳು (ಚೀತಾಗಳು) ಮಧ್ಯಪ್ರದೇಶದ ಕುನೋ ಕಾಡಿಗೆ ಬಂದಿಳಿದದ್ದನ್ನು ನೀವೂ ಟಿವಿಯಲ್ಲಿ ನೋಡಿದ್ದೀರಿ. ಮರುವರ್ಷದ ಫೆಬ್ರುವರಿಯಲ್ಲಿ ದಕ್ಷಿಣ ಆಫ್ರಿಕಾದಿಂದ ಇನ್ನೂ ಹನ್ನೆರಡು ಬಂದವು. ಒಂದು ಕಾಲಕ್ಕೆ ದಖ್ಖನ್ನಿನ ಬಯಲಲ್ಲೆಲ್ಲ ಜಿಂಕೆ ಅಟ್ಟಿಸಿಕೊಂಡು ಓಡಾಡಿದ ಪ್ರಾಣಿಯಿದು. ಭಾರತದಿಂದ ಅಳಿದುಹೋಯಿತೆಂದು ಸರ್ಕಾರವೇ ಸಾರಿದ್ದು 1952ರಲ್ಲಿ. ಕುನೋದ ನೆಲ ಖಾಲಿಯಾದದ್ದು ಮಾತ್ರ ಸಿವಂಗಿಗಾಗಿ ಅಲ್ಲ. ಗುಜರಾತಿನ ಗಿರ್ ಸಿಂಹಗಳಿಗೆ ಎರಡನೇ ಮನೆ ಮಾಡಬೇಕೆಂದು 1998ರಿಂದ 2003ರ ನಡುವೆ 24 ಹಳ್ಳಿಗಳನ್ನು ಎಬ್ಬಿಸಿದರು. ಎದ್ದು ಹೋದವರಲ್ಲಿ ಹೆಚ್ಚಿನವರು ಸಹರಿಯಾ ಆದಿವಾಸಿಗಳು. ಸಿಂಹಗಳನ್ನು ಕಳಿಸಿ ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೂ ಸಿಂಹ ಬರಲಿಲ್ಲ. ಅದೇ ತೀರ್ಪು ಆಫ್ರಿಕಾದ ಸಿವಂಗಿ ಬೇಡ ಎಂದಿತ್ತು. 2020ರಲ್ಲಿ ಪ್ರಯೋಗಕ್ಕೆಂದು ಕೋರ್ಟೇ ಅನುಮತಿ ಕೊಟ್ಟಿತು. ಬಂದ ಸಿವಂಗಿಗಳಲ್ಲಿ ಹಲವು ಸತ್ತವು, ಉಳಿದವುಗಳಲ್ಲಿ ಕೆಲವು ಮರಿ ಹಾಕಿದವು. ಆ ಪ್ರಯೋಗ ಗೆದ್ದಿತೋ ಸೋತಿತೋ ಎಂಬ ಜಗಳವನ್ನು ಬಲ್ಲವರಿಗೆ ಬಿಡೋಣ.

ನನ್ನ ತಕರಾರು ಬೇರೆ. ನಮೀಬಿಯಾದಲ್ಲಿ ಸಿವಂಗಿ ಇಷ್ಟು ಕಾಲ ಉಳಿದದ್ದು ಹೇಗೆ ಎಂದು ನಾವು ಕೇಳಲೇ ಇಲ್ಲ.

ಅಲ್ಲಿನ ಸಿವಂಗಿಗಳಲ್ಲಿ ಹೆಚ್ಚಿನವು ರಾಷ್ಟ್ರೀಯ ಉದ್ಯಾನಗಳಲ್ಲಿಲ್ಲ. ಕುರಿ, ಆಡು, ದನ ಸಾಕುವ ರೈತರ ಹೊಲಮಾಳಗಳಲ್ಲಿವೆ. 1980ರ ದಶಕದಲ್ಲಿ ಆ ರೈತರೇ ಸಾವಿರಾರು ಸಿವಂಗಿಗಳನ್ನು ಹಿಡಿದರು, ಹೊಡೆದರು. ಬೈದರೆ, ಕೇಸು ಹಾಕಿದರೆ ಅದು ನಿಲ್ಲುವಂಥದ್ದಾಗಿರಲಿಲ್ಲ. ಅಲ್ಲಿನ ಸಿವಂಗಿ ಸಂರಕ್ಷಣಾ ನಿಧಿ ಎಂಬ ಸಂಸ್ಥೆ 1994ರಲ್ಲಿ ರೈತರಿಗೆ ಕಾವಲು ನಾಯಿಗಳನ್ನು ಕೊಡಲು ಶುರುಮಾಡಿತು. ತುರ್ಕಿಯ ಕುರಿಗಾಹಿಗಳು ಸಾಕುವ ದೊಡ್ಡ ಜಾತಿಯ ನಾಯಿಗಳು ಅವು. ಮರಿಯಿಂದಲೇ ಕುರಿಹಿಂಡಿನಲ್ಲಿ ಬೆಳೆದು, ಹಿಂಡನ್ನೇ ತನ್ನ ಮನೆಯೆಂದುಕೊಂಡ ನಾಯಿ ಬೊಗಳಿದರೆ ಸಿವಂಗಿ ಆ ಕಡೆ ಸುಳಿಯುವುದಿಲ್ಲ, ಮೊದಲೇ ಅದು ಪುಕ್ಕಲು ಪ್ರಾಣಿ. ಕುರಿ ಉಳಿಯಿತು, ರೈತನ ಬಂದೂಕು ಗೋಡೆಗೆ ಹೋಯಿತು.

ಎರಡನೆಯದು ನೆಲದ ಕೆಲಸ. ಅತಿಯಾಗಿ ಮೇಯಿಸಿ ಹುಲ್ಲು ಸೋತ ಕಡೆಯಲ್ಲೆಲ್ಲ ಮುಳ್ಳುಕಂಟಿ ಏರಿ ನಮೀಬಿಯಾದ ಎರಡೂವರೆ ಕೋಟಿ ಹೆಕ್ಟೇರಿಗೂ ಹೆಚ್ಚು ನೆಲ ಕಟ್ಟಿಕೊಂಡಿತ್ತು. ಓಡಿ ಬೇಟೆಯಾಡುವ ಪ್ರಾಣಿಗೆ ಕಂಟಿಯೊಳಗೆ ಕಣ್ಣೂ ಕಾಣದು, ಕಾಲೂ ಆಡದು, ದನಕ್ಕೆ ಮೇವಿಲ್ಲ. ಆ ಕಂಟಿಯನ್ನು ಕೂಲಿ ಕೊಟ್ಟು ಕಡಿಸಿ, ಪುಡಿ ಮಾಡಿ, ಒತ್ತಿ, ಸೌದೆಯ ದಿಮ್ಮಿ ಮಾಡಿ ಮಾರತೊಡಗಿದರು. ಹುಲ್ಲು ಬಂತು, ಹುಲ್ಲಿನ ಹಿಂದೆ ಜಿಂಕೆ ಬಂತು, ಕಡಿದವರ ಕೈಗೆ ಕಾಸೂ ಬಂತು.

ಮೂರನೆಯದೇ ನಿಮಗೆ ನೇರವಾಗಿ ಸಂಬಂಧಪಟ್ಟದ್ದು. 1980ರ ದಶಕದ ಆರಂಭದಲ್ಲಿ ಬರ ಮತ್ತು ಕಳ್ಳಬೇಟೆ ಸೇರಿ ವಾಯವ್ಯ ನಮೀಬಿಯಾದ ಖಡ್ಗಮೃಗ, ಆನೆಗಳನ್ನು ಮುಗಿಸುತ್ತಿದ್ದಾಗ, ಗಾರ್ತ್ ಓವನ್‌ಸ್ಮಿತ್ ಎಂಬಾತ ಊರಿನ ಮುಖಂಡರ ಬಳಿ ಹೋಗಿ ಕಾವಲುಗಾರರನ್ನು ನೀವೇ ಆರಿಸಿ ಎಂದ. ಮುಖಂಡರು ಆರಿಸಿದರು. ಪ್ರಾಣಿಯ ಜಾಡು ಬಲ್ಲವರನ್ನು ಆರಿಸಿದ್ದರಿಂದ ಅವರಲ್ಲಿ ಹಿಂದೆ ಬೇಟೆಯಾಡಿದವರೂ ಇದ್ದರು. ಅವರು ಲೆಕ್ಕ ಒಪ್ಪಿಸುತ್ತಿದ್ದುದು ಸರ್ಕಾರಕ್ಕಲ್ಲ, ಊರಿಗೆ. ದೇಶ ಸ್ವತಂತ್ರವಾದ ಮೇಲೆ 1996ರಲ್ಲಿ ಇದಕ್ಕೆಂದೇ ಕಾನೂನು ಬಂತು. ಇವತ್ತು ಹಾಗೆ ಊರವರೇ ಗಡಿ ಗುರುತಿಸಿ, ಸಮಿತಿ ಮಾಡಿ, ಆದಾಯ ಹಂಚಿಕೊಳ್ಳುವ 86 ಪ್ರದೇಶಗಳಿವೆ. ದೇಶದ ಸುಮಾರು ಐದನೇ ಒಂದು ಭಾಗ ನೆಲ. ಅಲ್ಲಿ ಎಲ್ಲವೂ ಚಂದವಿದೆ ಎನ್ನಲಾರೆ. ಆದಾಯದಲ್ಲಿ ಪರವಾನಗಿ ಬೇಟೆಯ ದುಡ್ಡೂ ಇದೆ. 2024ರ ಭೀಕರ ಬರದಲ್ಲಿ ಜನರಿಗೆ ಮಾಂಸ ಹಂಚಲು 83 ಆನೆ ಸೇರಿ 723 ಪ್ರಾಣಿಗಳನ್ನು ಕೊಲ್ಲಲು ಅಲ್ಲಿನ ಸರ್ಕಾರವೇ ತೀರ್ಮಾನಿಸಿತು. ಅದನ್ನೆಲ್ಲ ಇಲ್ಲಿಗೆ ತರಬೇಕಿಲ್ಲ, ನಮ್ಮ ಕಾನೂನೂ ಬಿಡುವುದಿಲ್ಲ. ತರಬೇಕಾದದ್ದು ಒಂದೇ: ಕಾಡು ನೆಲದ ನಿರ್ಧಾರದಲ್ಲಿ ಅದರ ಅಂಚಿನವರಿಗೆ ಕುರ್ಚಿ. ಕುನೋದಲ್ಲಿ ಹಳ್ಳಿಯವರನ್ನು ಚೀತಾ ಮಿತ್ರರೆಂದು ಹೆಸರಿಸಿದರು, ನಿಜ. ಮಿತ್ರರಿಗೆ ಟೋಪಿ, ಅಂಗಿ ಸಿಕ್ಕಿತೇ ಹೊರತು ತೀರ್ಮಾನ ಮಾಡುವ ಅಧಿಕಾರ ಸಿಗಲಿಲ್ಲ.

ಇನ್ನು ಜಗಳೂರಿಗೆ ಬರೋಣ.

ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕೊಂಡುಕುರಿ ವನ್ಯಜೀವಿಧಾಮ 2011ರಲ್ಲಿ ಘೋಷಣೆಯಾಯಿತು. ವಿಸ್ತೀರ್ಣ ಸುಮಾರು 77 ಚದರ ಕಿಲೋಮೀಟರ್. ಕುನೋ ಉದ್ಯಾನ 748. ಕೊಂಡುಕುರಿಗೆಂದೇ ಹೆಸರಿಟ್ಟ ಧಾಮ ನಮ್ಮ ಜಿಲ್ಲೆಯಲ್ಲಿದೆ ಎಂಬುದು ದಾವಣಗೆರೆ ಪೇಟೆಯವರಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ. ಬೆಣ್ಣೆದೋಸೆ ತಿನ್ನಲು ಬೆಂಗಳೂರಿನಿಂದ ಬರುವವರಿಗೆ ಗೊತ್ತಿಲ್ಲದಿದ್ದರೆ ಬಿಡಿ.

ಕೊಂಡುಕುರಿ ಜಿಂಕೆಯಂಥ ಪ್ರಾಣಿ; ತೂಕ ಇಪ್ಪತ್ತು ಕಿಲೋ ಆಸುಪಾಸು, ಎತ್ತರ ಎರಡು ಅಡಿ. ಗಂಡಿಗೆ ನಾಲ್ಕು ಕೊಂಬು; ಮುಂದಿನ ಜೋಡಿ ಬೆರಳಿನ ಗೆಣ್ಣಿನಷ್ಟು, ಹಿಂದಿನದು ಸ್ವಲ್ಪ ಉದ್ದ. ಹೆಣ್ಣಿಗೆ ಕೊಂಬಿಲ್ಲ. ಕಾಡಿನ ಸಸ್ತನಿಗಳ ಬಳಗದಲ್ಲಿ ನಾಲ್ಕು ಕೊಂಬು ಜಾತಿಗೇ ಸಹಜವಾಗಿರುವ ಬೇರೆ ಪ್ರಾಣಿ ಭೂಮಿಯ ಮೇಲಿಲ್ಲ. ಆಫ್ರಿಕಾದಲ್ಲಿ ಹತ್ತಾರು ಬಗೆಯ ಜಿಂಕೆಯಂಥ ಪ್ರಾಣಿಗಳಿವೆ, ಇದು ಮಾತ್ರ ಅಲ್ಲಿಲ್ಲ. ಭಾರತ ಮತ್ತು ನೇಪಾಳ ಬಿಟ್ಟರೆ ಎಲ್ಲೂ ಇಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಅಂದರೆ ಹುಲಿಗೆ ಇರುವಷ್ಟೇ ರಕ್ಷಣೆ. ಅಪಾಯದ ಅಂಚಿನಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಯಲ್ಲೂ ಇದೆ.

ಇದು ಹಿಂಡು ಕಟ್ಟುವುದಿಲ್ಲ. ಒಂಟಿ, ಹೆಚ್ಚೆಂದರೆ ಜೋಡಿ. ಎತ್ತರದ ಹುಲ್ಲು, ನಡುನಡುವೆ ಪೊದೆ, ಏರಿಳಿತದ ನೆಲ, ಹತ್ತಿರದಲ್ಲೊಂದು ನೀರು ಬೇಕು. ಎಷ್ಟೋ ದಿನ ನೀರಿಲ್ಲದೆ ಇರಬಲ್ಲ ಪ್ರಾಣಿಯಲ್ಲ ಇದು, ಮತ್ತೆ ಮತ್ತೆ ಕುಡಿಯಲೇಬೇಕು. ಮರಿಯನ್ನು ಹುಲ್ಲಿನಲ್ಲಿ ಬಚ್ಚಿಟ್ಟು ಮೇಯಲು ಹೋಗುತ್ತದೆ. ಹಿಕ್ಕೆಯನ್ನು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಾಕುವ ಅಭ್ಯಾಸ ಇದಕ್ಕೆ. ಹಾಗಾಗಿ ಕಣ್ಣಿಗೆ ಬೀಳದಿದ್ದರೂ ಎಲ್ಲಿದೆ ಎಂದು ಕುರಿ ಕಾಯುವ ಹುಡುಗ ಹೇಳಬಲ್ಲ. ಈಗ ಲೆಕ್ಕ ಹಾಕಿ: ಬೇಸಿಗೆಯಲ್ಲಿ ಹುಲ್ಲಿಗೆ ಬೆಂಕಿ ಹಾಕಿದರೆ ಇದರ ಮನೆಯೇ ಹೋಯಿತು. ಹಳ್ಳದಲ್ಲಿ ನೀರು ಬತ್ತಿದರೆ ಕೆರೆ ಹುಡುಕಿಕೊಂಡು ಊರ ಕಡೆ ಬರುತ್ತದೆ, ಊರ ನಾಯಿಗಳ ಬಾಯಿಗೆ ಸಿಗುತ್ತದೆ. ಧಾಮದ ಗಡಿಗೆ ಕಲ್ಲು ನೆಟ್ಟಿದ್ದಾರೆ ಎಂದು ಅದಕ್ಕೆ ತಿಳಿಯುವುದಿಲ್ಲ. ಸುತ್ತಲಿನ ಗೋಮಾಳ, ಗುಡ್ಡಗಳು ಉಳಿದರೆ ಮಾತ್ರ 77 ಚದರ ಕಿಲೋಮೀಟರ್ ಉಪಯೋಗಕ್ಕೆ ಬಂದೀತು. ಇಲ್ಲದಿದ್ದರೆ ಅದು ಮೆಕ್ಕೆಜೋಳದ ಸಮುದ್ರದ ನಡುವಿನ ದ್ವೀಪ.

ಗೋಮಾಳ ಉಳಿಯಬೇಕೆಂಬುದು ನನ್ನ ಹೊಸ ಆಸೆಯೇನಲ್ಲ. ಕರ್ನಾಟಕ ಭೂ ಕಂದಾಯ ನಿಯಮ 97ರ ಪ್ರಕಾರ ಊರಿನ ಪ್ರತಿ ನೂರು ದನಕ್ಕೆ 30 ಎಕರೆ ಗೋಮಾಳ ಇರಬೇಕು. ಊರಿನ ಸಾಮೂಹಿಕ ಜಮೀನಿನ ಒತ್ತುವರಿ ತೆರವು ಮಾಡಿಸಿ ಎಂದು 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿತು. ನಮ್ಮಲ್ಲಿ ಮೇವಿನ ನೆಲ ಕಾಯುವ ಪರಂಪರೆಯೂ ದೊಡ್ಡದು. ಚಿಕ್ಕದೇವರಾಜ ಒಡೆಯರ ದನಗಳ ಇಲಾಖೆಯಾದ ಬೆಣ್ಣೆಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಆ ದನಗಳಿಗೆಂದು ಕಾದಿಟ್ಟ ಹುಲ್ಲುಗಾವಲುಗಳಲ್ಲಿ, ಅಂದರೆ ಕಾವಲುಗಳಲ್ಲಿ, ಕೃಷ್ಣಮೃಗ, ತೋಳ, ಎರೆಭೂತ ಹಕ್ಕಿ ಎಲ್ಲ ಬದುಕಿದವು. ಚನ್ನಗಿರಿಯವರಿಗೆ ನೆರೆಯ ಅಜ್ಜಂಪುರದ ಅಮೃತಮಹಲ್ ತಳಿ ಕೇಂದ್ರವನ್ನು ಹೊಸದಾಗಿ ಪರಿಚಯ ಮಾಡಿಸಬೇಕಿಲ್ಲ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಹೆಚ್ಚು ಬೆಳೆ ಬೆಳೆಯಿರಿ ಎಂದು ಒಂದಿಷ್ಟು ಕಾವಲು ಹೋಯಿತು. ಮುಂದೆ ಬೇರೆ ಬೇರೆ ಹೆಸರಲ್ಲಿ ಉಳಿದದ್ದೂ ಕರಗಿತು. ಪಕ್ಕದ ಚಳ್ಳಕೆರೆಯಲ್ಲಿ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳಿಗೆ ಸಾವಿರಾರು ಎಕರೆ ಕಾವಲು ಕೊಟ್ಟು ಗೋಡೆ ಎದ್ದಾಗ ಕುರಿಗಾಹಿಗಳು ಹಸಿರು ನ್ಯಾಯಮಂಡಳಿಯ ಬಾಗಿಲಿನವರೆಗೂ ವಿವಾದ ಒಯ್ಯಬೇಕಾಯಿತು. ಖರಾಬು ಎಂದು ಬರೆದಿಟ್ಟ ನೆಲ ಖಾಲಿ ಬಿದ್ದಿದೆ ಎಂದೇ ಮೇಲಿನವರು ಓದುತ್ತಾರೆ.

ಬಳ್ಳಾರಿ ಜಾಲಿಯ ಬಗ್ಗೆ ಎರಡು ಮಾತು. ಈ ಮುಳ್ಳು ಜಗಳೂರು ಸೀಮೆಯ ಕೆರೆಯಂಗಳ, ಹಳ್ಳದ ದಂಡೆ, ಗೋಮಾಳ ಯಾವುದನ್ನೂ ಬಿಟ್ಟಿಲ್ಲ. ಮಧ್ಯ, ದಕ್ಷಿಣ ಅಮೆರಿಕದ ಕಡೆಯ ಗಿಡ ಇದು. ಸೌದೆಗಾಗುತ್ತದೆ, ಮರುಭೂಮಿ ತಡೆಯುತ್ತದೆ ಎಂದು ಇಲ್ಲಿ ಹರಡಿದ ಹಾಗೆಯೇ ಕೀನ್ಯಾದ ಬರಿಂಗೋ ಸೀಮೆಯಲ್ಲೂ 1980ರ ದಶಕದಲ್ಲಿ ಹರಡಿದರು. ಅಲ್ಲಿನ ದನಗಾಹಿಗಳು ಇವತ್ತಿಗೂ ಆ ತಪ್ಪಿನ ಬೆಲೆ ಕೊಡುತ್ತಿದ್ದಾರೆ. ಉದ್ಯೋಗ ಖಾತ್ರಿಯಲ್ಲಿ ಗುಡ್ಡದ ಮೇಲೆ ಗುಂಡಿ ತೋಡಿ ಸಸಿ ನೆಡುವ ಕಾಮಗಾರಿಗೆ ಬಿಲ್ಲು ಮಾಡುವುದು ಸುಲಭ, ಒಪ್ಪುತ್ತೇನೆ. ಆದರೆ ಹುಲ್ಲುಗಾವಲಿನಲ್ಲಿ ಮರ ನೆಡುವುದು ಅದನ್ನು ಕೆಡಿಸುವ ಕೆಲಸ. ನೀಲಗಿರಿ ನೆಡುವುದನ್ನು ಸರ್ಕಾರವೇ 2017ರಲ್ಲಿ ನಿಷೇಧಿಸಿತು, ಆ ಬುದ್ಧಿ ಬರಲು ಎಷ್ಟು ಅಂತರ್ಜಲ ಹೋಯಿತೋ. ಕೂಲಿ ಕೊಡಬೇಕೆಂದಿದ್ದರೆ ಜಾಲಿ ಬೇರುಸಹಿತ ಕೀಳಿಸಲು ಕೊಡಿ, ಕಿತ್ತ ಮೇಲೆ ಮೂರ್ನಾಲ್ಕು ಮಳೆಗಾಲ ಮರಿಗಿಡ ಕೀಳಿಸಲು ಕೊಡಿ, ಹಳೇ ಕಟ್ಟೆ, ಗೋಕಟ್ಟೆಗಳ ಹೂಳು ತೆಗೆಸಲು ಕೊಡಿ. ಕಡಿದು ಬೇರು ಬಿಟ್ಟರೆ ಜಾಲಿ ಇಮ್ಮಡಿಯಾಗಿ ಚಿಗುರುತ್ತದೆ. ಬರೀ ಇದ್ದಿಲು ಗುತ್ತಿಗೆಗೆ ಕೊಟ್ಟ ಕಡೆಯಲ್ಲೆಲ್ಲ ಆಗಿರುವುದು ಇದೇ.

ಈಗ ಚನ್ನಗಿರಿಯ ಮಾತು, ಆಫ್ರಿಕಾದಿಂದ ಯಾಕೆ ಶುರು ಮಾಡಿದೆನೆಂಬ ಮಾತು ಕೂಡ.

2023ರ ಏಪ್ರಿಲ್ ತಿಂಗಳಲ್ಲಿ ಚನ್ನಗಿರಿ ತಾಲ್ಲೂಕಿನ ಹೆಸರು ಎರಡು ಸಲ ರಾಜ್ಯದ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು. ಒಂದು, ಆನೆ ತುಳಿದು ಹದಿಹರೆಯದ ಹುಡುಗಿಯೊಬ್ಬಳು ಸತ್ತದ್ದು. ಇನ್ನೊಂದು, ಸುಡಾನಿನಲ್ಲಿ ಸೇನೆಯೂ ಅರೆಸೇನಾ ಪಡೆಯೂ ಗುಂಡು ಹಾರಿಸಿಕೊಳ್ಳುತ್ತಿದ್ದಾಗ ನಮ್ಮ ಹಕ್ಕಿಪಿಕ್ಕಿ ಜನ ಅನ್ನ, ನೀರಿಲ್ಲದೆ ಅಲ್ಲಿ ಸಿಕ್ಕಿಬಿದ್ದದ್ದು. ಚನ್ನಗಿರಿಯವರು, ಶಿವಮೊಗ್ಗದವರು, ಹುಣಸೂರಿನವರು ಅದರಲ್ಲಿದ್ದರು. ಆಪರೇಷನ್ ಕಾವೇರಿ ಎಂದು ಸರ್ಕಾರ ಅವರನ್ನು ಕರೆತಂದಿತು. ಚನ್ನಗಿರಿಯ ಹಕ್ಕಿಪಿಕ್ಕಿ ಕ್ಯಾಂಪುಗಳಿಗೂ ಆಫ್ರಿಕಾಕ್ಕೂ ಏನು ಸಂಬಂಧ ಎಂದು ಆಗ ಬೆರಗಾದವರು ಬೆಂಗಳೂರಿನವರು. ನಿಮಗೆ ಮೊದಲೇ ಗೊತ್ತಿತ್ತು. ಗಿಡಮೂಲಿಕೆ ಎಣ್ಣೆ ಮಾರಲು ಸಾಲ ಮಾಡಿ ಟಿಕೆಟ್ಟು ಕೊಂಡು ಅವರು ವರ್ಷಗಳಿಂದ ಆಫ್ರಿಕಾದ ದೇಶಗಳಿಗೆ ಹೋಗಿಬರುತ್ತಿದ್ದಾರೆ.

ಹಕ್ಕಿಪಿಕ್ಕಿಗಳು ಹೆಸರೇ ಹೇಳುವಂತೆ ಹಕ್ಕಿ ಹಿಡಿದು, ಬೇಟೆಯಾಡಿ ಬದುಕಿದವರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ಬದುಕು ಅಪರಾಧವಾಯಿತು. ಕಾಯ್ದೆ ಬೇಡವಾಗಿತ್ತು ಎಂದು ನಾನು ಹೇಳುವುದಿಲ್ಲ, ಅದಿಲ್ಲದಿದ್ದರೆ ಕೊಂಡುಕುರಿಯ ಬಗ್ಗೆ ಪತ್ರ ಬರೆಯುವ ಪ್ರಸಂಗವೇ ಇರುತ್ತಿರಲಿಲ್ಲ. ಆದರೆ ಹುಲ್ಲಿನ ಬಾಗು ನೋಡಿ ಯಾವ ಪ್ರಾಣಿ ಯಾವ ಹೊತ್ತಿಗೆ ಹೋಯಿತೆಂದು ಹೇಳಬಲ್ಲ ಅನುಭವ ತಲೆಮಾರುಗಳಿಂದ ಕೂಡಿಟ್ಟ ಜನರನ್ನು ಕಾಡಿನ ಹೊರಗೆ ನಿಲ್ಲಿಸಿ, ಕಾಡು ಕಾಯಲು ಮಾತ್ರ ಜಾಡು ಅರಿಯದವರನ್ನು ಪರೀಕ್ಷೆ ಬರೆಸಿ ತಂದೆವು. ನಮೀಬಿಯಾದ ಊರ ಮುಖಂಡರು ಯಾರನ್ನು ಕರೆದು ಕಾವಲಿಗೆ ನಿಲ್ಲಿಸಿದರೋ ಅಂಥವರನ್ನೇ ನಾವು ಎಣ್ಣೆ ಬಾಟಲಿ ಕೊಟ್ಟು ಆಫ್ರಿಕಾಕ್ಕೆ ಕಳಿಸಿದ್ದೇವೆ. ಇದು ಬರೀ ಹಕ್ಕಿಪಿಕ್ಕಿಗಳ ಮಾತಲ್ಲ. ಜಗಳೂರಿನ ಗೊಲ್ಲರಹಟ್ಟಿಯ ಕುರಿಗಾಹಿಗಳು, ಮ್ಯಾಸನಾಯಕರು, ಹೊನ್ನಾಳಿ, ನ್ಯಾಮತಿ ಸೀಮೆಯ ತಾಂಡಾಗಳ ಹಿರಿಯರು, ಇವರೆಲ್ಲ ಬಲ್ಲದ್ದು ಯಾವ ಇಲಾಖೆಯ ಕಡತದಲ್ಲೂ ಇಲ್ಲ. ಸೂರಗೊಂಡನಕೊಪ್ಪದ ಸಂತ ಸೇವಾಲಾಲರ ಲಂಬಾಣಿ ಜನ ಎತ್ತುಗಳ ಮೇಲೆ ದವಸ ಹೇರಿಕೊಂಡು ದೇಶ ಸುತ್ತಿದ್ದು ಹುಲ್ಲು, ನೀರಿನ ಜಾಗ ತಿಳಿದಿದ್ದರಿಂದಲೇ ಅಲ್ಲವೇ?

ಆನೆಯ ವಿಷಯ ಮಾತ್ರ ಬೇರೆ, ಅದನ್ನು ಬೆರೆಸುವುದು ಸರಿಯಲ್ಲ. ಭದ್ರಾ ಕಡೆಯಿಂದ ಉಬ್ರಾಣಿ ಹೋಬಳಿಯ ಕಡೆಗೆ ಬರುವ ಆನೆಗೆ ಗೋಮಾಳ ಬಿಟ್ಟುಕೊಡಿ ಎಂದರೆ ಅದು ಹುಚ್ಚು ಮಾತು. ಮಗಳನ್ನು ಕಳೆದುಕೊಂಡ ಮನೆಯ ಮುಂದೆ ನಿಂತು ಕಾಡು ಉಳಿಸಿ ಎಂದು ಭಾಷಣ ಮಾಡುವ ಧೈರ್ಯ ನನಗಿಲ್ಲ. ಅಲ್ಲಿ ಬೇಕಾದದ್ದು ಆನೆ ಬಂತೆಂದು ಸಂಜೆಗೇ ಊರಿಗೆ ತಿಳಿಯುವ ವ್ಯವಸ್ಥೆ, ತಡವಿಲ್ಲದ ಪರಿಹಾರ, ಕಾಡಂಚಿಗೆ ಇನ್ನೂ ಅಡಿಕೆ ತೋಟ ಏರದಂತೆ ತಡೆ. ಹೊನ್ನಾಳಿ, ನ್ಯಾಮತಿ ಕಡೆಯಲ್ಲಿ ಚಿರತೆ ಕಂಡರೆ ಬೋನು ಇಡಿ ಎಂಬ ಕೂಗು ಮೊದಲು ಏಳುತ್ತದೆ. ಬೋನಿನಲ್ಲಿ ಹಿಡಿದು ಬೇರೆ ಕಾಡಿಗೆ ಬಿಟ್ಟ ಚಿರತೆ ಸುಮ್ಮನೆ ಕೂರುವುದಿಲ್ಲ. ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತದೆ. ಗುಡ್ಡದಲ್ಲಿ ಅದಕ್ಕೆ ತಿನ್ನಲು ಏನಾದರೂ ಉಳಿದಿದ್ದರೆ ಊರ ಕರುವಿನ ತಂಟೆಗೆ ಬರುವುದು ಕಡಿಮೆಯಾದೀತು. ಕುರಿರೊಪ್ಪಕ್ಕೆ ಗಟ್ಟಿ ಜಾಲರಿ, ಒಳ್ಳೇ ಕಾವಲು ನಾಯಿ, ಇಷ್ಟಕ್ಕೆ ಪಂಚಾಯಿತಿ ಸಹಾಯ ಮಾಡಬಹುದು.

ಕಾನೂನಿನಲ್ಲಿ ನಿಮಗೆ ಏನು ಅಧಿಕಾರವಿದೆ ಎಂದು ಕೇಳುತ್ತೀರಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವವೈವಿಧ್ಯ ದಾಖಲಾತಿ ಪುಸ್ತಕ ಬರೆಯಬೇಕು. ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಹಾಕಿದ ಮೇಲೆ ದೇಶದಾದ್ಯಂತ ಈ ಪುಸ್ತಕಗಳನ್ನು ಅವಸರದಲ್ಲಿ ತುಂಬಿಸಿದರು. ನಿಮ್ಮದನ್ನು ಪಿಡಿಒ ಕಪಾಟಿನಿಂದ ಹೊರಗೆ ತೆಗೆಸಿ ನೋಡಿ. ಅದರಲ್ಲಿ ಕೊಂಡುಕುರಿ ಇದೆಯೇ, ತೋಳ ಇದೆಯೇ, ಇವು ನೀರು ಕುಡಿಯುವ ಕಟ್ಟೆಯ ಹೆಸರಿದೆಯೇ ಓದಿ. ಇಲ್ಲದಿದ್ದರೆ ಕುರಿಗಾಹಿಗಳನ್ನೂ ಹಕ್ಕಿಪಿಕ್ಕಿ ಹಿರಿಯರನ್ನೂ ಕೂರಿಸಿ, ದಿನಗೂಲಿ ಕೊಟ್ಟು, ಮತ್ತೆ ಬರೆಸಿ. ಪುಕ್ಕಟೆ ಕೇಳಬೇಡಿ.

ಇನ್ನೊಂದು ದಾರಿ, ಸಂರಕ್ಷಣಾ ಮೀಸಲು. ವನ್ಯಜೀವಿ ಕಾಯ್ದೆಯ 36ಎ ಕಲಮಿನಡಿ ಸರ್ಕಾರಿ ಜಮೀನನ್ನು, ಸ್ಥಳೀಯರನ್ನು ಕೇಳಿ, ಹಾಗೆ ಘೋಷಿಸಬಹುದು. ಅದರ ನಿರ್ವಹಣಾ ಸಮಿತಿಯಲ್ಲಿ ಆ ವ್ಯಾಪ್ತಿಯ ಪ್ರತಿ ಗ್ರಾಮ ಪಂಚಾಯಿತಿಗೂ ಒಂದು ಸ್ಥಾನವಿದೆ. ಅಭಯಾರಣ್ಯದಷ್ಟು ಬಿಗಿಯಿಲ್ಲ, ಯಾರನ್ನೂ ಎಬ್ಬಿಸಬೇಕಿಲ್ಲ. ಚಿಕ್ಕಮಗಳೂರು ಜಿಲ್ಲೆಯ ಬಾಸೂರು ಅಮೃತಮಹಲ್ ಕಾವಲು ಹೀಗೆ 2011ರಲ್ಲಿ ಕೃಷ್ಣಮೃಗಗಳಿಗಾಗಿ ಮೀಸಲಾಯಿತು, ಅದು ಎಂಟು ಚದರ ಕಿಲೋಮೀಟರ್ ಕೂಡ ಇಲ್ಲ. ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರು 2007ರಲ್ಲಿ ಸಮುದಾಯ ಮೀಸಲಾಯಿತು, ಅಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟುವುದು ಜನರ ಹಿತ್ತಲ ಮರಗಳಲ್ಲಿ. ದೇವನಹಳ್ಳಿ ಬಳಿಯ ನಲ್ಲೂರು ಹುಣಸೆ ತೋಪು 54 ಎಕರೆ ಮಾತ್ರ; ಅದೇ 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ರಂಗಯ್ಯನದುರ್ಗದ ಆಸುಪಾಸಿನ ಗೋಮಾಳಗಳು ಇವಕ್ಕಿಂತ ಯಾವುದರಲ್ಲಿ ಕಡಿಮೆ?

ಇದರಿಂದ ಯಾರಿಗೂ ತೊಂದರೆಯಿಲ್ಲ ಎಂದು ಸುಳ್ಳು ಹೇಳಲಾರೆ. ಬಗರ್ ಹುಕುಂ ಅರ್ಜಿ ಹಾಕಿಕೊಂಡು ಕಾದಿರುವ ಬಡವರು ನಿಮ್ಮ ವಾರ್ಡಿನಲ್ಲೇ ಇದ್ದಾರೆ, ಓಟು ಕೇಳಲು ನೀವು ಅವರ ಮನೆಗೇ ಹೋಗಬೇಕು. ತುಂಡು ಭೂಮಿ ಉತ್ತು ಬದುಕುವವನನ್ನು ಎಬ್ಬಿಸಿ ಎನ್ನುವುದಿಲ್ಲ. ಆದರೆ ಗೋಮಾಳದ ಅರ್ಜಿಗಳ ಸಾಲಿನಲ್ಲಿ ಬಡವನ ಹಿಂದೆ ನಿಂತಿರುವ ಹತ್ತಾರು ಎಕರೆಯ ಸಾಹುಕಾರ ಯಾರೆಂದು ನಿಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ಆದ್ದರಿಂದ ಮುಂದಿನ ಗ್ರಾಮಸಭೆಯ ಕಾರ್ಯಸೂಚಿಯಲ್ಲಿ ಒಂದು ವಿಷಯ ಸೇರಿಸಿ: ನಮ್ಮ ಪಂಚಾಯಿತಿಯ ಗೋಮಾಳ, ಹುಲ್ಲುಬನ್ನಿಗಳ ಸರ್ವೆ ನಂಬರು, ಇವತ್ತಿನ ಸ್ಥಿತಿ, ಅಲ್ಲಿರುವ ಪ್ರಾಣಿ, ಹಕ್ಕಿ, ನೀರು. ಅದರ ಕೆಳಗೆ ಎರಡು ಠರಾವು ಮಾಡಿ. ಗ್ರಾಮಸಭೆಯನ್ನು ಕೇಳದೆ ಈ ನೆಲವನ್ನು ಯಾವ ಕಂಪನಿಗೂ, ಯಾವ ಯೋಜನೆಗೂ ಕೊಡಕೂಡದು ಎಂಬುದು ಒಂದು. ಜಾಲಿ ಕೀಳುವ, ಕಟ್ಟೆ ಹೂಳೆತ್ತುವ, ಬೇಸಿಗೆಯಲ್ಲಿ ಬೆಂಕಿ ಕಾಯುವ ಕೆಲಸಕ್ಕೆ ಊರಿನ ಕುರಿಗಾಹಿಗಳನ್ನೂ ಹಕ್ಕಿಪಿಕ್ಕಿ ಕ್ಯಾಂಪಿನ ಹುಡುಗರನ್ನೂ ಮೊದಲು ಕರೆಯಬೇಕು ಎಂಬುದು ಇನ್ನೊಂದು. ನಡಾವಳಿಯ ಪ್ರತಿಯನ್ನು ತಹಶೀಲ್ದಾರರಿಗೂ ದಾವಣಗೆರೆಯ ಜಿಲ್ಲಾಧಿಕಾರಿಗಳಿಗೂ ಕಳಿಸಿ, ಕಳಿಸಿದ ರಸೀದಿಯನ್ನು ಇಟ್ಟುಕೊಳ್ಳಿ.

ಇಂತಿ ನಿಮ್ಮವ,
ನಿಮ್ಮ ಜಿಲ್ಲೆಯ ಒಬ್ಬ ಬರಹಗಾರ